ಹಿತ್ತಲಿನಿಂದ ಲೈನ್ ಕ್ಲಿಯರ್

ಡ್ರೈಯರ್ ತಿರುಗುತ್ತಿತ್ತು, ಬಿಸಿಯೂ ಆಗುತ್ತಿತ್ತು, ಬಟ್ಟೆ ಮಾತ್ರ ಒಣಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಗುಡುಗುಡು ಅಂದು, ಊಟದ ನಡುವೆ ಮುನಿಸಿಕೊಂಡು ಎದ್ದವರ ಹಾಗೆ ತಟ್ಟನೆ ನಿಂತುಬಿಡುತ್ತಿತ್ತು. ಬಾಗಿಲು ತೆರೆದರೆ ಹಬೆ ಮುಖಕ್ಕೆ ರಾಚುತ್ತಿತ್ತು. ಒಳಗಿನ ಟವೆಲ್ಲುಗಳು ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗೆ, ಬೆವರಿಕೊಂಡು ಕೈಗೆ ಸಿಗುತ್ತಿದ್ದವು.

"ವಯಸ್ಸಾಯ್ತು ಅದಕ್ಕೆ, ಬಿಟ್ಟುಬಿಡ್ರಮ್ಮ," ಅಂದಳು ಅಕ್ಕ. ಎರಡು ಬೀದಿ ಆಚೆಯ ಗಂಡನ ಮನೆಯಿಂದ ರಜಾ ದಿನವೆಲ್ಲ ಇಲ್ಲಿಗೇ ಬರುತ್ತಿದ್ದಳು, ತೊಳೆಯುವ ಬಟ್ಟೆಯ ಗಂಟಿನ ಸಮೇತ. "ಬಟ್ಟೆ ಒಣಗಿಸೋದು ಹಾಗಿರಲಿ, ಹಾಕಿದ ಕಾಲ್ಚೀಲದಲ್ಲಿ ಒಂದನ್ನ ನುಂಗಿ ಒಂದನ್ನ ಕೊಡುತ್ತೆ. ನಿಮ್ಮ ಅಳಿಯ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ನೀಲಿ ಹಾಕ್ಕೊಂಡು ಆಫೀಸಿಗೆ ಹೋಗ್ತಾರೆ. ಇಂಥ ಹೊಟ್ಟೆಬಾಕನ್ನ ಯಾಕೆ ಸಾಕ್ತಿದೀರೋ."

ಅಕ್ಕ ಬರೀ ಮಾತಿನ ಮಲ್ಲಿಯಲ್ಲ, ಮಾಡಿ ಮುಗಿಸುವವಳು. ಅಂಗಡಿಯಲ್ಲಿ ಹೊಸದೊಂದು ಡ್ರೈಯರ್ ಆರಿಸಿಯಾಗಿತ್ತು. ಮಧ್ಯಾಹ್ನ ಅವರ ಗಾಡಿ ಬರುತ್ತದೆ, ಹೊಸದನ್ನು ಇಳಿಸಿ ಹಳೆಯದನ್ನು ಹೊತ್ತುಕೊಂಡು ಹೋಗುತ್ತದೆ.

ಕಿಟಕಿಯ ಹತ್ತಿರ ಒದ್ದೆ ಟವೆಲ್ ಹಿಂಡುತ್ತಿದ್ದ ಚಿಕ್ಕವಳು ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ. ಅವಳ ಮಾತು ಹಾಗೆಯೇ, ತುಟಿ ದಾಟುವುದರೊಳಗೆ ಸುಸ್ತಾಗುತ್ತಿತ್ತು. ಅದಕ್ಕೇ ಅಪ್ಪ ಅವಳಿಗೆ ಪಿಸು ಅಂತ ಹೆಸರಿಟ್ಟಿದ್ದರು. ಡಿಗ್ರಿ ಮುಗಿದು, ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ಮೇಲೂ ಮನೆಯಲ್ಲಿ ಅವಳು ಪಿಸುವೇ.

"ಏನಂದೆ?" ಅಂದರು ಅಮ್ಮ.

"ನಾನೊಂದು ಸಲ ನೋಡ್ತೀನಿ ಅಂದೆ."

ಅಕ್ಕ ನಕ್ಕಳು. "ನೋಡು, ನೋಡೋದಕ್ಕೇನು. ಬಲ್ಬ್ ಬದಲಾಯಿಸೋಕೂ ಕಣ್ಮುಚ್ಚಿಕೊಳ್ಳೋಳು ನೀನು."

"ಗಾಡಿ ಬರೋವರೆಗೆ ತಾನೇ, ನೋಡಲಿ ಬಿಡು," ಅಂದ ಅಮ್ಮ ಅಡುಗೆಮನೆಗೆ ಹೋದರು.

ಅಪ್ಪ ಹೋದದ್ದು ಬೇಸಿಗೆಯ ಶುರುವಿನಲ್ಲಿ. ಅವರ ಕೋಟು ಯಾರಿಗೋ ಆಯಿತು, ಸೈಕಲ್ಲು ಇನ್ಯಾರಿಗೋ. ಪಿಸು ಅಡ್ಡ ಬರಲಿಲ್ಲ. ಆದರೆ ಈ ಡ್ರೈಯರನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಅಪ್ಪನ ದನಿ ಅವಳಿಗೆ ಉಳಿದಿದ್ದದ್ದು ಅದರ ಹತ್ತಿರವೇ.

ಅಪ್ಪ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಹಿಡಿಕೆ ಎಳೆಯುತ್ತಿದ್ದವರು. ದಾರಿ ಖಾಲಿಯಿದೆ ಅಂತ ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಡದೆ ಇಲ್ಲಿಂದ ಗಾಡಿ ಬಿಡುವಂತಿಲ್ಲ. ಆ ಕೆಲಸದ ಶಿಸ್ತು ನಿವೃತ್ತಿಯಾದ ಮೇಲೂ ಅವರನ್ನು ಬಿಡಲಿಲ್ಲ, ಮನೆಯವರನ್ನೂ ಬಿಡಲಿಲ್ಲ. ಚಳಿಗಾಲದ ಬೆಳಿಗ್ಗೆ ಅಮ್ಮ ಬಟ್ಟೆ ತುಂಬಿ ಡ್ರೈಯರಿನ ಬಾಗಿಲು ಮುಚ್ಚುವ ಹೊತ್ತಿಗೆ ಅಪ್ಪ ಹಿತ್ತಲಿಗೆ ಹೋಗಿರುತ್ತಿದ್ದರು. ಅಲ್ಲಿಂದ ಕೂಗು ಬರುತ್ತಿತ್ತು: "ಲೈನ್ ಕ್ಲಿಯರ್..." ಅಮ್ಮ ಒಳಗಿನಿಂದ "ಗಾಡಿ ಬಿಟ್ಟೆ" ಅಂದು ಗುಂಡಿ ಒತ್ತುತ್ತಿದ್ದರು. ಅದು ಮುದುಕರ ತಮಾಷೆ ಅಂತಲೇ ಪಿಸು ತಿಳಿದಿದ್ದಳು. ಅಪ್ಪ ಹಿತ್ತಲಲ್ಲಿ ಏನು ಮಾಡುತ್ತಾರೆ ಅಂತ ಯಾವತ್ತೂ ಎದ್ದು ನೋಡಿದವಳಲ್ಲ. ಅವಳಿಗೆ ಬೇಕಿದ್ದದ್ದು ಕೊನೆಯ ಭಾಗ. ಯಂತ್ರ ನಿಂತ ಮೇಲೆ ಅಪ್ಪ ಸುಡುಸುಡು ಬಟ್ಟೆಯನ್ನೆಲ್ಲ ಬಾಚಿ ತಂದು, ಕುರ್ಚಿಯಲ್ಲಿ ಮುದುಡಿಕೊಂಡು ಓದುತ್ತಿದ್ದ ಅವಳ ಮೇಲೆ ಸುರಿಯುತ್ತಿದ್ದರು. ಒಂದು ಕ್ಷಣ ಲೋಕವೆಲ್ಲ ಸೋಪಿನ ವಾಸನೆಯ ಕತ್ತಲು. ಹೊರಗಿನಿಂದ ಅಪ್ಪನ ದನಿ: "ಪಾರ್ಸೆಲ್ ಬಂದಿದೆ, ಸಹಿ ಹಾಕಿ ಇಳಿಸ್ಕೊಳ್ಳಿ." ಪರೀಕ್ಷೆಯ ದಿನಗಳಲ್ಲಂತೂ ಅದು ತಪ್ಪುತ್ತಲೇ ಇರಲಿಲ್ಲ.

ಪಿಸು ತೋಳು ಮಡಚಿದಳು. ಅಪ್ಪನದೊಂದು ಮಾತಿತ್ತು, ಮೊದಲು ಪ್ಲಗ್, ಆಮೇಲೆ ಪೌರುಷ. ಪ್ಲಗ್ ಕಿತ್ತಳು. ಬಾಗಿಲ ಅಂಚಿನ ಜಾಲರಿ ಎಳೆದಳು. ಬಟ್ಟೆಯಿಂದ ಉದುರಿದ ನಾರು ಹಿಂಜಿದ ಅರಳೆಯಂತೆ ಹತ್ತಿಕೊಂಡಿತ್ತು. ಬೆರಳಲ್ಲಿ ಸುರುಳಿ ಸುತ್ತಿ ತೆಗೆದಳು, ಜಾಲರಿಯನ್ನು ನಲ್ಲಿಯಡಿ ಹಿಡಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒರೆಸಿ ಕೂರಿಸಿದಳು. ಮತ್ತೆ ಪ್ಲಗ್ ಹಾಕಿ ಓಡಿಸಿದಳು. ಅದೇ ಹಬೆ, ಅದೇ ಮುನಿಸು.

"ಆಯ್ತಾ ಆಪರೇಷನ್?" ಅಂತ ಅಕ್ಕ ಒಳಗಿನಿಂದಲೇ ಕೇಳಿದಳು.

ಆಗಿರಲಿಲ್ಲ. ಬಿಸಿಯಾಗುತ್ತದೆ ಅಂದರೆ ಯಂತ್ರದ ಹೊಟ್ಟೆ ಸರಿಯಾಗಿಯೇ ಇದೆ. ಹಬೆ ಮಾತ್ರ ಹೊರಗೆ ಹೋಗುತ್ತಿಲ್ಲ. ಅವಳು ಮತ್ತೆ ಪ್ಲಗ್ ಕಿತ್ತು, ಡ್ರೈಯರನ್ನು ಒಂದು ಮೂಲೆಯಿಂದ, ಆಮೇಲೆ ಇನ್ನೊಂದು ಮೂಲೆಯಿಂದ ಎಳೆದು ಗೋಡೆಯಿಂದ ಸರಿಸಿದಳು. ಹಿಂದಿನ ಮಡಿಕೆಮಡಿಕೆಯ ಕೊಳವೆ ನೆಟ್ಟಗಿತ್ತು, ಎಲ್ಲೂ ಮುರಿದಿರಲಿಲ್ಲ. ಕೊಳವೆ ಗೋಡೆಯೊಳಗೆ ಹೋಗಿ ಹಿತ್ತಲಿಗೆ ತೆರೆದುಕೊಳ್ಳುತ್ತಿತ್ತು.

ಹಿತ್ತಲಲ್ಲಿ ಆ ಬಾಯಿ ಸಜ್ಜೆಯ ಕೆಳಗೆ, ಅವಳ ತಲೆಗಿಂತ ಮೇಲಿತ್ತು. ಅಪ್ಪ ಉದ್ದ ಆಳು, ಅವರ ಕಣ್ಣಳತೆಗೆ ಹಾಕಿದ್ದು. ಸ್ಟೂಲ್ ತಂದು ಹತ್ತಿ ನೋಡಿದರೆ ಬಾಯಿಗೆ ಮುಚ್ಚಳವಿರಲಿಲ್ಲ. ಒಳಗೆ ಏನೋ ಮೆತ್ತಗಿನದು. ಹಕ್ಕಿಯ ಗೂಡೇ ಅಂದುಕೊಂಡು ಹೆದರುತ್ತ ಬೆರಳು ಹಾಕಿದಳು.

ಬಂದದ್ದು ಕಾಲ್ಚೀಲ. ಉಂಡೆ ಸುತ್ತಿದ ಕಪ್ಪು ಕಾಲ್ಚೀಲ, ಭಾವನದು. ಅದರ ಹಿಂದೆ ಅವಳದೇ ಹೂವಿನ ಕಾಲ್ಚೀಲ. ಅದರ ಹಿಂದೆ ನೀಲಿ. ಒಂದರ ಹಿಂದೊಂದು, ಉಪ್ಪಿನಕಾಯಿ ಜಾಡಿಗೆ ತುಂಬಿದ ಹಾಗೆ, ಒತ್ತೊತ್ತಾಗಿ. ಭುಜದವರೆಗೆ ಕೈ ಹಾಕಿ ಎಳೆದ ಕೊನೆಯದು ಬೂದು ಬಣ್ಣದ ಉಣ್ಣೆಯದು. ಹಿಮ್ಮಡಿಗೆ ಬೇರೆ ದಾರದಲ್ಲಿ ತೇಪೆ. ಅಪ್ಪನದು.

ಪಿಸು ಸ್ಟೂಲಿನ ಮೇಲೆಯೇ ಕೂತುಬಿಟ್ಟಳು. ಉಂಡೆ ಸುತ್ತಿ ತುದಿಯನ್ನು ಒಳಮಡಚುವ ರೀತಿ ಈ ಮನೆಯಲ್ಲಿ ಒಬ್ಬರದೇ. ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಅಮ್ಮ ಕಸದ ಬುಟ್ಟಿಯನ್ನೂ ಪೊರಕೆಯನ್ನೂ ಹಿಡಿದು ಹಿತ್ತಲಿಗೆ ಹೋಗುತ್ತಿದ್ದದ್ದು ಅವಳಿಗೆ ನೆನಪಾಯಿತು. ಹಕ್ಕಿ ಹೋಗದಿರಲಿ, ಚಳಿಗಾಳಿ ಬರದಿರಲಿ ಅಂತ ಮುಚ್ಚುವುದು ಅಮ್ಮನ ಕೆಲಸ. ಯಂತ್ರ ಹಾಕುವ ಮುಂಚೆ ತೆಗೆಯುವುದು ಅಪ್ಪನದು. ತೆಗೆದೆ ಅಂತ ಹೇಳುವುದೇ ಆ ಕೂಗು. ಬೇಸಿಗೆಯೆಲ್ಲ ಬಟ್ಟೆ ತಂತಿಯ ಮೇಲೆ ಒಣಗಿತು. ಚಳಿ ಶುರುವಾದಾಗ ಅಮ್ಮ ತಮ್ಮ ಪಾಲಿನ ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ.

ಹೇಳುವುದು ಹೇಗೆ? ಅಮ್ಮ ಅಪ್ಪನ ವಿಷಯ ಎತ್ತಿದವರೇ ಅಲ್ಲ, ನೆಂಟರೆದುರು ಕಣ್ಣೂ ಒದ್ದೆ ಮಾಡಿಕೊಂಡಿರಲಿಲ್ಲ. "ಗಟ್ಟಿಗಿತ್ತಿ," ಅಂದಿದ್ದರು ಎಲ್ಲರೂ. ಆ ಗಟ್ಟಿತನದ ಬುಡವನ್ನು ಈಗ ತಾನು ಕೆದಕಬೇಕೆ? ಪಿಸು ಕಾಲ್ಚೀಲಗಳನ್ನೆಲ್ಲ ಬಕೆಟ್ಟಿನಡಿ ಅಡಗಿಸಿದಳು. ಒಳಗೆ ಹೋಗಿ ಡ್ರೈಯರನ್ನು ಗೋಡೆಗೆ ಸರಿಸಿ, ಅದೇ ಟವೆಲ್ಲುಗಳನ್ನು ಹಾಕಿ ಗುಂಡಿ ಒತ್ತಿದಳು. ಈ ಸಲ ಯಂತ್ರದ ದನಿಯೇ ಬೇರೆ, ಮೂಗು ಕಟ್ಟಿದವನಿಗೆ ಉಸಿರು ಬಂದ ಹಾಗೆ. ನಿಂತಾಗ ಟವೆಲ್ಲುಗಳು ಹಪ್ಪಳವಾಗಿದ್ದವು.

ಅಕ್ಕ ಒಂದನ್ನು ಕೆನ್ನೆಗೆ ಒತ್ತಿಕೊಂಡಳು. "ಏನೇ ಮಾಡಿದೆ?"

"ಗೂಡಿತ್ತು. ತೆಗೆದೆ."

ಅಕ್ಕನ ಮುಖ ಸಣ್ಣದಾಯಿತು. "ಇವತ್ತೇನೋ ಒಣಗಿತು, ನಾಳೆ ಕಥೆ? ಅಮ್ಮ ಹೂಂ ಅಂದಮೇಲೇ ನಾನು ಗಾಡಿಗೆ ಹೇಳಿದ್ದು. ಅಮ್ಮನ್ನೇ ಕೇಳು."

ಅಮ್ಮ ಅಲ್ಲಿರಲಿಲ್ಲ. ಡ್ರೈಯರ್ ನಿಂತ ಸದ್ದಿಗೆ ಕಾಲು ತಾನಾಗಿ ಎದ್ದಂತೆ, ಅಕ್ಕನ ಗಂಟಿನ ಅಂಚಿನಿಂದ ಕೈಗೆ ಸಿಕ್ಕಿದ ಕಾಲ್ಚೀಲವೊಂದನ್ನು ಸುತ್ತುತ್ತ ಹಿತ್ತಲಿಗೆ ಹೋಗಿದ್ದರು. ಪಿಸು ಓಡಿದಳು. ಅಮ್ಮ ಉಂಡೆಯನ್ನು ಪೊರಕೆಯ ಹಿಡಿಯ ತುದಿಗೆ ಸಿಕ್ಕಿಸಿ ಕೊಳವೆಗೆ ತೂರುತ್ತಿದ್ದರು. ಎಲ್ಲಿಯೂ ತಡೆಯಾಗದೆ ಹಿಡಿ ಮೊಳದುದ್ದ ಒಳಗೆ ಹೋಯಿತು. ಅಮ್ಮ ನಿಂತರು. ಹಿಡಿಯನ್ನು ಉಂಡೆಯ ಸಮೇತ ನಿಧಾನಕ್ಕೆ ಹೊರಗೆಳೆದರು.

"ಯಾರು ತೆಗೆದಿದ್ದು?"

"ನಾನೇ ಅಮ್ಮ."

"ಎಷ್ಟಿದ್ದವು?"

"ಒಂದೆರಡು."

ಅಮ್ಮ ಅವಳನ್ನೇ ನೋಡಿದರು. "ಸುಳ್ಳು ಹೇಳೋಕೆ ನಿಮ್ಮಪ್ಪನಿಗೂ ಬರ್ತಿರಲಿಲ್ಲ, ನಿಂಗೂ ಬರಲ್ಲ." ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಇತ್ತೀಚೆಗೆ ಬಿಗಿಯಾಗಿ ಹೋಗ್ತಿತ್ತು. ಚಳಿಗೆ ಪೈಪು ಕುಗ್ಗಿದೆ ಅಂದ್ಕೊಂಡೆ ಕಣೇ." ನಗು ಬಂತು, ಅರ್ಧಕ್ಕೆ ನಿಂತಿತು. "ತೆಗೆದಿದ್ದನ್ನ ಅವರು ಡ್ರೈಯರ್ ಮೇಲೆ ಇಡ್ತಿದ್ರು. ನಾನು ಅದನ್ನೇ ತಗೊಂಡು ಹೋಗಿ ಮುಚ್ತಿದ್ದೆ. ಈ ಸಲದ ಚಳಿಗಾಲದಲ್ಲಿ ನೋಡಿದ್ರೆ ಯಾವತ್ತೂ ಅಲ್ಲಿರ್ತಿರಲಿಲ್ಲ. ಇರಲ್ಲ ಅಂತ ಗೊತ್ತು, ಯಾಕಿಲ್ಲ ಅಂತ ಯೋಚನೆ ಮಾಡೋಕೆ ಮನಸ್ಸಾಗಲಿಲ್ಲ. ಕೈಗೆ ಸಿಕ್ಕಿದ್ದನ್ನ ತಗೊಂಡು ಬಂದೆ."

"ಗುಂಡಿ ಒತ್ತೋವಾಗ..."

"ಕೂಗಿಗೆ ಕಾಯ್ತಾ ನಿಂತ್ರೆ ಆ ದಿನ ಬಟ್ಟೆ ಒಣಗ್ತಿತ್ತಾ? ಒತ್ತಿಬಿಡ್ತಿದ್ದೆ."

ಪಿಸು ಬಕೆಟ್ಟಿನಡಿಯಿಂದ ಬೂದು ಕಾಲ್ಚೀಲ ತೆಗೆದು ಕೊಟ್ಟಳು. ಅಮ್ಮ ಅದರ ಉಂಡೆ ಬಿಚ್ಚಿ, ತೊಡೆಯ ಮೇಲೆ ಹರಡಿ, ತೇಪೆಯನ್ನು ಹೆಬ್ಬೆರಳಲ್ಲಿ ಸವರಿದರು. ಕಣ್ಣೊರೆಸಿಕೊಳ್ಳಲು ಸೆರಗು ಹುಡುಕಲಿಲ್ಲ, ಆ ಕಾಲ್ಚೀಲವೇ ಸಾಕಾಯಿತು. ಪಿಸು ಪಕ್ಕದಲ್ಲಿ ಕೂತಳು. ಸುಮ್ಮನಿರುವುದು ಅವಳಿಗೆ ಬರುತ್ತಿತ್ತು.

ಬೀದಿಯಲ್ಲಿ ಹಾರ್ನ್ ಕೇಳಿಸಿತು. ಅಕ್ಕ ಬಾಗಿಲಿಂದ ಇಣುಕಿದಳು. ಅಮ್ಮನ ಮುಖ, ಬಕೆಟ್ಟಿನ ಪಕ್ಕದ ಕಾಲ್ಚೀಲಗಳ ರಾಶಿ, ಕೊಳವೆಯ ಬಾಯಿ ಎಲ್ಲವನ್ನೂ ನೋಡಿದಳು.

"ಪಿಸು," ಅಂದರು ಅಮ್ಮ, ಕಾಲ್ಚೀಲದಿಂದ ಮುಖ ಎತ್ತದೆ, "ಹೋಗಿ ಅವರಿಗೆ ಬೇಡ ಅನ್ನು."

"ನಾನಾ?"

"ಸರಿಮಾಡಿದೋಳು ನೀನಲ್ವಾ?"

ಬಾಗಿಲಲ್ಲಿ ಗಾಡಿಯವನು ಹೆಗಲಿನ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತಿದ್ದ. "ಹಳೇದು ಎಲ್ಲಿದೆ ಮೇಡಂ?"

"ಬೇಡ," ಅಂದಳು ಪಿಸು.

"ಏನಂದ್ರಿ?"

ಅವಳು ಉಸಿರೆಳೆದುಕೊಂಡಳು. "ಹಳೇದು ಕೊಡಲ್ಲ. ಸರಿಯಾಗಿದೆ. ಹೊಸದು ವಾಪಸ್ ತಗೊಂಡು ಹೋಗಿ, ಅಂಗಡಿಯವರ ಹತ್ತಿರ ನಮ್ಮಕ್ಕ ಮಾತಾಡ್ತಾರೆ."

"ಹೌದಾ, ನಾನು ಮಾತಾಡ್ತೀನಾ?" ಅಂತ ಹಿಂದಿನಿಂದ ಅಕ್ಕ ಗೊಣಗಿದಳು. ಆದರೂ ಫೋನ್ ಹುಡುಕಿದಳು.

ಸಂಜೆ ಅಕ್ಕನ ಗಂಟು ಬಿಚ್ಚಿ ತೊಳೆದು ಡ್ರೈಯರಿಗೆ ತುಂಬಿಯಾಯಿತು. ಅಮ್ಮ ಬಾಗಿಲು ಮುಚ್ಚಿ, ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ ನಿಂತರು. ಪಿಸು ತಾನಾಗಿ ಎದ್ದು ಹಿತ್ತಲಿಗೆ ಹೋದಳು. ಸ್ಟೂಲ್ ಹತ್ತಿ, ಅಮ್ಮ ಮಧ್ಯಾಹ್ನ ಮತ್ತೆ ಸುತ್ತಿ ಕೊಳವೆಗೆ ಮುಚ್ಚಿದ್ದ ಬೂದು ಉಂಡೆಯನ್ನು ಎಳೆದು, ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು.

"ಲೈನ್ ಕ್ಲಿಯರ್," ಅಂದಳು.

ಒಳಗೆ ಸದ್ದಿಲ್ಲ. ಅಷ್ಟು ಮೆಲ್ಲಗೆ ಹೇಳಿದರೆ ಗೋಡೆಗೂ ಕೇಳಿಸುವುದಿಲ್ಲ. ಪಕ್ಕದ ಮನೆಯ ಕಿಟಕಿ ತೆರೆದಿತ್ತು. ಅವಳು ಒಮ್ಮೆ ಆ ಕಡೆ ನೋಡಿದಳು, ಆಮೇಲೆ ನೋಡಲಿಲ್ಲ. ಅಪ್ಪ ಕೂಗುತ್ತಿದ್ದ ಹಾಗೆಯೇ ಕೊನೆಯನ್ನು ಎಳೆದು, ಎದೆತುಂಬ ಕೂಗಿದಳು.

ಆಮೇಲೆ ಒಳಗಿನಿಂದ ಅಮ್ಮನ ದನಿ, ಸ್ವಲ್ಪ ಒಡೆದು: "ಗಾಡಿ ಬಿಟ್ಟೆ."

ಕೊಳವೆಯ ಬಾಯಿಗೆ ಹಿಡಿದಿದ್ದ ಅವಳ ಅಂಗೈಗೆ ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ, ಸೋಪಿನ ವಾಸನೆಯ ಗಾಳಿ ಬಂದು ತಾಗಿತು.