ಆರು ನಿಮಿಷದ ಸರದಿ

ಬಟ್ಟೆ ಕಾರ್ಖಾನೆಯ ಹಾಸ್ಟೆಲಿನಲ್ಲಿ ನಲವತ್ತು ಹೆಂಗಸರಿಗೆಂದು ಹಾಕಿಸಿದ್ದ ವೈಫೈಗೆ ಹದಿನಾರು ಕಾವಲು ಕ್ಯಾಮೆರಾಗಳನ್ನೂ ಸೇರಿಸಿದರು. ಹೆಂಗಸರನ್ನು ಕೇಳಲಿಲ್ಲ.

ಅಂದಿನಿಂದ ಕಾಲರ್ ಹೊಲಿಯುವವಳ ಮಗಳ ಮುಖ ಫೋನಿನಲ್ಲಿ ಚೂರುಚೂರಾಯಿತು. ಐದು ವರ್ಷದ ಮಗು ದೂರದೂರಿನಲ್ಲಿ ಚಿಕ್ಕಮ್ಮನ ಹತ್ತಿರ ಬೆಳೆಯುತ್ತಿತ್ತು. ನಕ್ಕರೆ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಮಾತು ಬಾಯಿ ಮುಚ್ಚಿದ ಮೇಲೆ ಬರುತ್ತಿತ್ತು. ನಿಂತುಹೋದ ಆ ಚಿತ್ರವನ್ನೇ ತಾಯಿ ಹೆಬ್ಬೆರಳಿನಿಂದ ಸವರುತ್ತ ಕೂರುತ್ತಿದ್ದಳು.

"ವೈಫೈ ಪೆಟ್ಟಿಗೆಗೆ ಪಕ್ಷಪಾತ ಇಲ್ಲಮ್ಮ, ಫೋನೋ ಕ್ಯಾಮೆರಾನೋ, ಎಲ್ಲಕ್ಕೂ ಸಮಪಾಲು," ಅಂದಿದ್ದ ವೈಫೈ ರಿಪೇರಿಯವನು.

ಗುಂಡಿ ಹಾಕುವ ಅಕ್ಕ ಸುಮ್ಮನಿರುವವಳಲ್ಲ. "ಸಮಪಾಲಂತೆ! ಗೋಡೆ ನೋಡೋ ಕ್ಯಾಮೆರಾಗೂ ಒಂದು, ಮಗು ನೋಡೋ ತಾಯಿಗೂ ಒಂದು. ವಾರ್ಡನಮ್ಮನ ಹತ್ರ ಎರಡು ಫೋನು, ಒಂದು ಟೀವಿ, ಒಂದು ಲ್ಯಾಪ್‌ಟಾಪು. ಅವಳೊಬ್ಬಳೇ ನಾಲ್ಕು ಹೆಂಗಸು! ತಟ್ಟೆ ಎಣಿಸಿ ಬಡಿಸೋದು ಗೊತ್ತು ಈ ಪೆಟ್ಟಿಗೆಗೆ, ಹೊಟ್ಟೆ ನೋಡಿ ಬಡಿಸೋದು ಗೊತ್ತಿಲ್ಲ."

ಕೊನೆಗೆ ಹೆಂಗಸರೇ ಒಂದು ಕಟ್ಟುಪಾಡು ಮಾಡಿಕೊಂಡರು. ಭಾನುವಾರ ಮಧ್ಯಾಹ್ನ ಒಬ್ಬಳು ಮಾತಾಡುವಾಗ ಮೂವತ್ತೊಂಬತ್ತು ಜನ ಫೋನು ಆಫ್ ಮಾಡಿ ಮಂಚದ ಮೇಲೆ ಮಗುಚಿಡಬೇಕು. ತಲೆಗೆ ಆರು ನಿಮಿಷ, ವಾರಕ್ಕೆ ಹತ್ತು ತಲೆ. ಸರದಿ ಮತ್ತೆ ಬರಲು ನಾಲ್ಕು ವಾರ ಕಾಯಬೇಕು.

ಈ ಭಾನುವಾರ ಕಾಲರಿನವಳದು. ಮಂಚದಿಂದ ಮಂಚಕ್ಕೆ ಫೋನುಗಳು ಮಗುಚಿಕೊಂಡವು. ಮಗಳು ಪರದೆ ತುಂಬ ಬಂದಳು, ಇಡಿಯಾಗಿ. ಮುಂದಿನ ಹಲ್ಲೊಂದು ಬಿದ್ದಿತ್ತು.

"ಹಲ್ಲೆಲ್ಲೇ, ಕಳ್ಳಿ?"

"ಇಲಿಗೆ ಕೊಟ್ಟೆ." ಮಗು ಪಕ್ಕಕ್ಕೆ ತಿರುಗಿ ಕೂಗಿತು: "ಚಿಕ್ಕಮ್ಮಾ, ಫೋನಮ್ಮ ಬಂದ್ರು!"

ತಾಯಿ ನಕ್ಕಳು. ಫೋನನ್ನು ಮುಖಕ್ಕೆ ಹತ್ತಿರ ಹಿಡಿದಳು. "ಫೋನಮ್ಮ ಅಲ್ಲ ಕಂದಾ. ಬರೀ ಅಮ್ಮ ಅನ್ನು. ಒಂದ್ಸಲ."

ಮಗು ನಾಚಿ ಅಂಗಿಯ ಅಂಚು ಕಚ್ಚಿತು. ಅಷ್ಟರಲ್ಲಿ ಬಾಗಿಲಿಗೆ ವಾರ್ಡನಮ್ಮ ಬಂದಳು.

"ಫ್ಯಾಕ್ಟರಿ ಸಾಹೇಬರ ಮೀಟಿಂಗ್ ಇದೇ ವೈಫೈಲಿ ನಡೀತಿದೆ, ಅವರ ಚಿತ್ರ ನಿಂತ್‌ನಿಂತು ಬರ್ತಿದೆಯಂತೆ. ಎಲ್ಲಾ ಫೋನೂ ಆಫ್ ಮಾಡಿ."

"ಮೂವತ್ತೊಂಬತ್ತು ಆಫೇ ಇದೆ ಕಣಮ್ಮ," ಅಂದಳು ಗುಂಡಿ ಅಕ್ಕ. "ನಿಮ್ಮ ನಾಲ್ಕು ಎಣಿಸ್ಕೊಂಡು ಬನ್ನಿ."

"ನಿನ್ನ ಕೇಳಿಲ್ಲ. ಏ ಕಾಲರ್, ಇಡೇ ಫೋನು! ಮುಂದಿನ ತಿಂಗಳು ಮಾತಾಡಿದ್ರೆ ನಿನ್ನ ಮಗು ಓಡಿಹೋಗುತ್ತಾ?"

ಪರದೆಯಲ್ಲಿ ಅಂಗಿಯ ಅಂಚು ಬಾಯಿಂದ ಜಾರಿತು. ತುಟಿ ಏನನ್ನೋ ಹೇಳಲು ಹೊರಟಿತ್ತು. ತಾಯಿ ಅದರಿಂದ ಕಣ್ಣು ಕೀಳಲಿಲ್ಲ.

"ಇಡಲ್ಲ."

"ಕೆಲಸದಿಂದ ತೆಗೆಸ್ತೀನಿ."

"ತೆಗೆಸಿ. ಇಡಲ್ಲ."