ರೋಲ್ ನಂಬರ್ ಒಂಬತ್ತು

ನಾಸೀರ ನೌಕರಿ ಬಿಟ್ಟದ್ದು ಒಂದು ಹಂಡೆ ಬಿರ್ಯಾನಿಯ ದೆಸೆಯಿಂದ. ನಂಬುವವರು ನಂಬಲಿ, ಉಳಿದವರು ಟಿಕೋಟಾದಲ್ಲಿ ಯಾರನ್ನಾದರೂ ಕೇಳಲಿ.

ತೊರವಿಯ ಹೊರಗೆ ಒಂದು ವಸತಿ ಕೋಚಿಂಗ್ ಸಾಲೆ. ಅಲ್ಲಿ ಅವನು ಹದಿನೆಂಟು ವರ್ಷ ಗಣಿತ ಕಲಿಸಿದ್ದ. ನಸುಕಿನ ನಾಲ್ಕೂವರೆಗೆ ಮುನ್ನೂರು ಮಕ್ಕಳನ್ನು ಎಬ್ಬಿಸಬೇಕು, ಹಾಜರಿ ಕೂಗಬೇಕು, ಬೈಯಬೇಕು, ರಾತ್ರಿಯವರೆಗೆ ತಂದೆತಾಯಂದಿರ ಫೋನು ಎತ್ತಬೇಕು. ವಿಜಯಪುರದಿಂದ ಬಬಲೇಶ್ವರದವರೆಗೆ ಅವನ ಪೋಸ್ಟರಿಲ್ಲದ ಗೋಡೆ ಇರಲಿಲ್ಲ. ಟೈ ಹಾಕಿ, ಕೈಕಟ್ಟಿ, ಈಗಷ್ಟೇ ಯಾರನ್ನೋ ಫೇಲ್ ಮಾಡಿ ಬಂದವನಂತೆ ನಿಂತ ಫೋಟೋ.

ಟಿಕೋಟಾದಲ್ಲಿ ಅವನ ಚಿಕ್ಕಪ್ಪನ ಮಗಳ ಮದುವೆ. ಬಿರ್ಯಾನಿಯ ಹಂಡೆ ಬಂದದ್ದೇ ತಡ, ಶಾಮಿಯಾನದಲ್ಲಿ ಗದ್ದಲವೋ ಗದ್ದಲ. ನಾಸೀರನಿಗೆ ತಡೆಯಲಾಗಲಿಲ್ಲ. ತಾಟಿಗೆ ಚಮಚ ಬಡಿದು ಕೂಗಿಯೇ ಬಿಟ್ಟ: "ಕೈ ಕಟ್ಟು! ಬಾಯಿ ಮುಚ್ಚು!"

ನಾನೂರು ಜನ ಕೈಕಟ್ಟಿದರು. ಅರ್ಧದಷ್ಟು ಜನ ಅವನ ಹಳೆಯ ವಿದ್ಯಾರ್ಥಿಗಳು, ಉಳಿದವರು ಅವರ ಅಪ್ಪ ಅಮ್ಮಂದಿರು. ಮದುಮಗನೂ ಕಟ್ಟಿದ, ಬಡಿಸುವವನು ಸೌಟು ಬಗಲಲ್ಲಿಟ್ಟುಕೊಂಡು ಕಟ್ಟಿದ. ಯಾರಾದರೂ ಒಬ್ಬರು ನಕ್ಕಿದ್ದರೆ ನಾಸೀರನೂ ನಕ್ಕು ಸುಮ್ಮನಾಗುತ್ತಿದ್ದ. ಒಬ್ಬರೂ ನಗಲಿಲ್ಲ. ಇಷ್ಟು ವರ್ಷಗಳಲ್ಲಿ ತನ್ನನ್ನು ಒಬ್ಬರೂ 'ಲೇ ನಾಸ್ಯಾ' ಅಂದಿಲ್ಲ ಎಂಬುದು ಅವನಿಗೆ ಹೊಳೆದದ್ದು ಅಲ್ಲೇ, ಆ ಆರುತ್ತಿದ್ದ ಬಿರ್ಯಾನಿಯ ಮುಂದೆ.

ಮರುದಿನವೇ ರಾಜೀನಾಮೆ ಕೊಟ್ಟ.

"ಬಿಟ್ಟ ಏನ್ ಮಾಡ್ತೀರಿ ಸರ್?" ಎಂದಳು ಹೆಂಡತಿ ಸಾನಿಯಾ. ಆಕೆ ವಿಜಯಪುರದ ಒಂದು ದವಾಖಾನೆಯಲ್ಲಿ ನರ್ಸು. ಮದುವೆಯ ಹೊಸದರಲ್ಲಿ ಚೇಷ್ಟೆಗೆ 'ಸರ್' ಅಂದದ್ದು ಈಗ ಅವಳಿಗೂ ರೂಢಿಯಾಗಿ ಹೋಗಿತ್ತು.

"ಆಡ ಕಾಯ್ತೀನಿ."

ಸಾನಿಯಾ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. "ಆತು. ದೀಪಾವಳಿ ಸೂಟಿ ಮುಗದು ಸಾಲಿ ತೆರಿಯೂತನಕ ಕಾದು ನೋಡ್ರಿ. ಅಷ್ಟ್ರಾಗ ಮನಸಿಗೆ ಸಮಾಧಾನ ಸಿಗ್ಲಿಲ್ಲಂದ್ರ ಸುಮ್ನ ಸಾಲಿಗೆ ಹೋಗ್ರಿ." ನಾಸೀರ ಒಪ್ಪಿ, ತಾಯಿಯ ತವರಾದ ಬಿಜ್ಜರಗಿಗೆ ಹೋಗಿ ಹದಿನಾಲ್ಕು ಆಡು ಕಟ್ಟಿದ.

ಬಿಜ್ಜರಗಿಯಲ್ಲಿ ತುಕಾರಾಮನಿದ್ದ. ಇಬ್ಬರೂ ಅಲ್ಲಿಯ ಸಾಲೆಯ ಎರಡನೇ ಇಯತ್ತೆಯಲ್ಲಿ ಒಂದೇ ಪಾಟಿ-ಬಳಪಕ್ಕೆ ಜಗಳಾಡಿದವರು, ಕೆರೆಯಲ್ಲಿ ಬತ್ತಲೆ ಈಜಿದವರು. ಈಗ ತುಕಾರಾಮನೂ ಆಡು ಕಾಯುತ್ತಾನೆ. ಇವನಾದರೂ ಲೇ ಅಂದಾನು ಎಂದು ನಾಸೀರ ಆಸೆಯಿಂದ ಹೋದರೆ, ತುಕಾರಾಮ ತಲೆಯ ರುಮಾಲು ತೆಗೆದು ನಿಂತ.

"ಬರ್ರಿ ಸರ್. ನಮ್ಮ ಮಗಳು ಲಲಿತಾ ನಿಮ್ಮ ಕೈಯಾಗ ಕಲ್ತಾಕಿರಿ."

"ಲೇ ಅನ್ನೋ ಮಾರಾಯಾ."

"ಹ್ಯಾಂಗ ಅನ್ಲಿರಿ ಸರ್? ನಾಲಿಗಿ ಹೊಳ್ಳೂದಿಲ್ರಿ."

ತಪ್ಪು ತುಕಾರಾಮನದಷ್ಟೇ ಅಲ್ಲ ಬಿಡಿ. ನಾಸೀರ ಆಡು ಕಾಯುವ ರೀತಿ ನೋಡಿದರೆ ಯಾರಿಗೆ ಲೇ ಅನ್ನುವ ಧೈರ್ಯ ಬಂದೀತು? ಬೆಳಿಗ್ಗೆ ಆಡುಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಹಾಜರಿ ಕೂಗುತ್ತಿದ್ದ. ಹನ್ನೊಂದಕ್ಕೆ ನೀರು, ಹನ್ನೊಂದೂ ಕಾಲಿಗೆ ಮೆಲುಕು. ಕೊರಳಿಗೆಲ್ಲ ರೋಲ್ ನಂಬರಿನ ಬಿಲ್ಲೆ. ಹದಿಮೂರು ಆಡುಗಳು ಹೇಗೋ ಹೊಂದಿಕೊಂಡವು. ರೋಲ್ ನಂಬರ್ ಒಂಬತ್ತು ಮಾತ್ರ ಗಡ್ಡದ ಕರಿ ಹೋತ, ಮಹಾ ಉಡಾಳ. ಹಾಜರಿಗೆ ಇರುತ್ತಿರಲಿಲ್ಲ, ಬೈದರೆ ಕಣ್ಣಲ್ಲಿ ಕಣ್ಣಿಟ್ಟು ಹಿಕ್ಕೆ ಹಾಕುತ್ತಿತ್ತು. ಒಮ್ಮೆ ಹಾಜರಿ ಪುಸ್ತಕವನ್ನೇ ತಿಂದು, ತನ್ನ ಗೈರುಹಾಜರಿಯ ಪುರಾವೆಯನ್ನೆಲ್ಲ ಅಳಿಸಿಹಾಕಿತು.

"ಇದನ್ನ ಮಾರಿಬಿಡ್ರಿ ಸರ್," ಎಂದಳು ತುಕಾರಾಮನ ತಾಯಿ ರಾಚವ್ವ. "ನಿಮ್ಮ ಮರ್ಯಾದಿ ಕಳೀತೈತಿ."

ಮರ್ಯಾದೆ ಕಳೆಯುವ ಪ್ರಾಣಿ ಊರಲ್ಲಿ ಅದೊಂದೇ ಇದೆಯೆಂದು ನಾಸೀರ ಮಾರಲಿಲ್ಲ.

ದೀಪಾವಳಿ ಸೂಟಿ ಮುಗಿಯಿತು. ಆ ಸೋಮವಾರ ಬೆಳಿಗ್ಗೆ ನಾಸೀರ ತುಕಾರಾಮನ ಜೊತೆ ಆಡು ಹೊಡೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ, ಗೋಡೆಯ ಮೇಲೆ ಮತ್ತೆ ಅವನೇ! ಅದೇ ಟೈ, ಅದೇ ಕಟ್ಟಿದ ಕೈ, ಮೈದಾ ಅಂಟು ಇನ್ನೂ ಹಸಿ. 'ನಿಮ್ಮ ನೆಚ್ಚಿನ ನಾಸೀರ ಸರ್ ಇಂದಿನಿಂದ ಮತ್ತೆ ನಿಮ್ಮೊಂದಿಗೆ!' ಪಕ್ಕದಲ್ಲಿ ಸಾಲೆಯ ಕಾರು, ಹಿಂದಿನ ಸೀಟಿನ ಮೇಲೆ ಪೋಸ್ಟರಿನ ಕಟ್ಟು, ಅಂಟಿನ ಬಕೀಟು. ಕಾರಿನ ಬಾಗಿಲು ತೆರೆದುಕೊಂಡು ನಿಂತವನು ಸಾಲೆಯ ಯಜಮಾನ ಜಾವೀದ, ನಾಸೀರನ ಮೊದಲ ತಂಡದ ವಿದ್ಯಾರ್ಥಿ. ಸಾನಿಯಾ ಹಾಕಿದ ಗಡುವಿನ ಸುದ್ದಿ ಅವನಿಗೂ ಮುಟ್ಟಿತ್ತು.

"ಬರ್ರಿ ಸರ್. ಹುಡುಗೂರು ಕಾಯಾಕತ್ತಾರ."

ಬಸ್ಸಿಗೆ ಕಾದಿದ್ದ ಜನರೆಲ್ಲ, ಅವರ ನಡುವೆ ರಾಚವ್ವನೂ, ಎದ್ದು ನಿಂತರು. "ಹೋಗಿ ಬರ್ರಿ ಸರ್," ಎಂದ ತುಕಾರಾಮ. ನಾಸೀರನಿಗೆ ಅಳು ಬಂದಂತಾಯಿತು. ಸಾನಿಯಾಗೆ ಮಾತು ಕೊಟ್ಟಿದ್ದ, ಗಡುವು ಮುಗಿದಿತ್ತು, ಒಂದು ಲೇ ಕೂಡ ಸಿಕ್ಕಿರಲಿಲ್ಲ. ಕೋಲು ತುಕಾರಾಮನ ಕೈಗೆ ಕೊಟ್ಟು, ತಲೆ ತಗ್ಗಿಸಿ ಕಾರಿನತ್ತ ಎರಡು ಹೆಜ್ಜೆ ಇಟ್ಟ.

ಅಷ್ಟರಲ್ಲಿ ಪರ್ ಎಂಬ ಸದ್ದು. ರೋಲ್ ನಂಬರ್ ಒಂಬತ್ತು ಗೋಡೆಗೆ ಮುಂಗಾಲು ಕೊಟ್ಟು ನಿಂತು ಪೋಸ್ಟರಿನ ಟೈ ತಿನ್ನುತ್ತಿತ್ತು.

"ರೋಲ್ ನಂಬರ್ ಒಂಬತ್ತು!" ನಾಸೀರ ಅಭ್ಯಾಸಬಲದಿಂದ ಗುಡುಗಿದ. "ಕೈ ಕಟ್ಟು! ಬಾಯಿ ಮುಚ್ಚು!"

ಇಡೀ ಬಸ್ ಸ್ಟ್ಯಾಂಡು ಕೈಕಟ್ಟಿತು. ಜಾವೀದ ಕಟ್ಟಿದ, ತುಕಾರಾಮ ಕೋಲಿನ ಸಮೇತ ಕಟ್ಟಿದ. ಹೋತ ಮಾತ್ರ ಒಮ್ಮೆ ತಿರುಗಿ ನೋಡಿ, ಗದ್ದ ತಿಂದಿತು. ಮೀಸೆ ತಿಂದಿತು. ಆಮೇಲೆ ಸಾವಕಾಶ ಕನ್ನಡಕ.

ನಾಸೀರನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹೊಟ್ಟೆಯ ತಳದಿಂದ ನಗು ಬಂತು. ಬಿರ್ಯಾನಿಯ ದಿನ ಒಳಗೇ ಉಳಿದಿದ್ದ ನಗುವೇ ಇರಬೇಕು. ನಕ್ಕೂ ನಕ್ಕೂ ನೆಲದ ಮೇಲೆ ಕೂತೇಬಿಟ್ಟ. ಅವನನ್ನು ನೋಡಿ ರಾಚವ್ವ ಕಟ್ಟಿದ ಕೈಬಿಟ್ಟಳು. "ಯವ್ವಾ, ಸರ್‌ನ ಪೂರಾ ನುಂಗಿಬಿಡ್ತು! ಇನ್ನ ಮ್ಯಾಲ ಇದಽ ಸರ್ ನೋಡ್ರಿ. ಗಡ್ಡಾನೂ ಐತಿ!"

ಜನ ಗೊಳ್ಳೆಂದಿತು. ಜಾವೀದ ಮಾತ್ರ ನಗದೆ, "ಸರ್, ಹೊತ್ತಾತು, ಕಾರ್ ಹತ್ರಿ," ಎಂದ.

ಹತ್ತಿತು. ಅಂಟಿನ ವಾಸನೆ ಹಿಡಿದು ಹೋತವೇ ಟಣ್ಣನೆ ಹಾರಿ ಹಿಂದಿನ ಸೀಟಿನಲ್ಲಿ ಕೂತು, ಪೋಸ್ಟರಿನ ಕಟ್ಟಿಗೆ ಬಾಯಿ ಹಾಕಿತು.

"ಸರ್ ಹೊಂಟ್ರೋ!" ಎಂದರು ಯಾರೋ.

ತುಕಾರಾಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. ಕೋಲನ್ನು ನಾಸೀರನತ್ತ ಎಸೆದು ಕೂಗಿದ: "ಲೇ ನಾಸ್ಯಾ! ನಿಮ್ಮ ಸರ್‌ನ ಕೆಳಗ ಇಳಸೋ, ತೊರವಿಗೆ ಹೋಗಿಬಿಟ್ಟಾನು!"

ನಾಸೀರ ಕೋಲು ಹಿಡಿದು ಕೂತಲ್ಲೇ ಕೂತ.

"ಏನಂದಿ? ಇನ್ನೊಮ್ಮಿ ಅನ್ನು."

"ಏನ ಅನ್ಲಿ? ಲೇ ಹುಚ್ಚಾ, ಅದು ಸೀಟ್ ತಿನ್ನಾಕತ್ತೈತಿ!"