ಶೆರಿಫ್ ಪ್ರುಯಿಟ್ ನಡೆಸಿದ ಚುನಾವಣೆ

ಡೆಲ್ಮರ್ ಪ್ರುಯಿಟ್ ಬಹ್ರೇನಿನ ಅಸ್ಕರ್‌ನ ನಮ್ಮ ಲೇಬರ್ ಕ್ಯಾಂಪಿಗೆ ಸೆಕ್ಯುರಿಟಿ ಮುಖ್ಯಸ್ಥನಾಗಿ ಬಂದಾಗ ಅವನ ಬೆನ್ನಿಗೆ ನಾಲ್ಕು ಗೆದ್ದ ಚುನಾವಣೆಗಳೂ ಒಂದು ಸೋತ ಚುನಾವಣೆಯೂ ಇದ್ದವು. ಅಮೆರಿಕದ ದಕ್ಷಿಣದಲ್ಲೆಲ್ಲೋ ಒಂದು ಕೌಂಟಿಗೆ ಅವನು ಶೆರಿಫ್ ಆಗಿದ್ದನಂತೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು, ಶೆರಿಫ್ ಎಂದರೆ ಅಲ್ಲಿಯ ಜನ ವೋಟು ಹಾಕಿ ಆರಿಸುವ ಪೊಲೀಸ್ ಅಧಿಕಾರಿ ಎಂದು ನಾನು ವಿವರಿಸಿದೆ. ಟೈಮ್ ಆಫೀಸಿನ ಗುಮಾಸ್ತಿಕೆಯ ಜೊತೆಗೆ ಸಾಹೇಬರ ಮಾತನ್ನು ನಮ್ಮವರಿಗೆ ದಾಟಿಸುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಸ್ಟೋರಿನ ಚೆನ್ನಪ್ಪನಿಗೆ ಇದು ಜೀರ್ಣವಾಗಲಿಲ್ಲ.

"ಪೊಲೀಸರೇ ಮನೆಮನೆಗೆ ಬಂದು ವೋಟು ಕೇಳುವುದಾ? ಹಾಗಾದ್ರೆ ಹೊಡೆಯುವುದು ಯಾವಾಗ?"

"ಗೆದ್ದ ಮೇಲೆ," ಎಂದ ಮೆಸ್ಸಿನ ಲಾನ್ಸೆಲೊಟ್, ದಾಲಿನ ಸೌಟಿನಿಂದ ಕಣ್ಣೆತ್ತದೆಯೇ.

ಪ್ರುಯಿಟ್‌ಗೆ ತನ್ನ ಚರಿತ್ರೆ ಹೇಳಿಕೊಳ್ಳಲು ನಾಚಿಕೆಯಿರಲಿಲ್ಲ. ಸಂಜೆ ಮೆಸ್ಸಿನ ಬೆಂಚಿನ ಮೇಲೆ ಕೂತು, ಹಾಲಿಲ್ಲದ ಸುಲೈಮಾನಿ ಚಹಾಕ್ಕೆ ಹೆದರಿಕೆ ಬರುವಷ್ಟು ಸಕ್ಕರೆ ಸುರಿದುಕೊಂಡು, ಕಂತುಕಂತಾಗಿ ಹೇಳುತ್ತಿದ್ದ. ಮೊದಲ ಸಲ ಗೆದ್ದದ್ದು ಕಳ್ಳಭಟ್ಟಿಯನ್ನು ಇಗರ್ಜಿಯ ಎದುರು ಚರಂಡಿಗೆ ಸುರಿದು. ಎಲ್ಲವನ್ನೂ ಸುರಿಯಲಿಲ್ಲ ಎಂಬುದು ಮುಂದೆ ತಕರಾರಾಯಿತು. ಎರಡನೆಯ ಸಲ ಬೇಟೆನಾಯಿಯೊಂದರ ಜೊತೆ ಫೋಟೋ ತೆಗೆಸಿಕೊಂಡು. ನಾಯಿ ಬಾಡಿಗೆಯದೆಂದು ಪತ್ರಿಕೆ ಬರೆಯಿತು. ಮೂರನೆಯ ಸಲ ಕೈದಿಗಳಿಂದ ಶಾಲೆಗೆ ಬಣ್ಣ ಹೊಡೆಸಿದ. ಉಳಿದ ಬಣ್ಣ, ಉಳಿದ ಕೈದಿಗಳು ಅವನ ಸ್ವಂತ ಕೊಟ್ಟಿಗೆಗೆ ಹೋದವು. ನಾಲ್ಕನೆಯ ಅವಧಿಯಲ್ಲಿ ಹತ್ತಿ ಗೋದಾಮಿನ ಕಪ್ಪು ಜನಾಂಗದ ಕೂಲಿಯೊಬ್ಬ ಲಾಕಪ್ಪಿನಲ್ಲಿ ಸತ್ತ. ವಿಚಾರಣೆಯ ಜ್ಯೂರಿ ಶೆರಿಫ್‌ನನ್ನು ಕರೆದು ಕೇಳಿತು.

"ನಾನು ಆ ಹೊತ್ತಿಗೆ ಕೋಣೆಯಲ್ಲಿ ಇರಲಿಲ್ಲ ಎಂದೆ," ಅಂದ ಪ್ರುಯಿಟ್. "ಅದು ನಿಜ ಕೂಡ. ಎದುರಿನ ಹೋಟೆಲಿನಲ್ಲಿ ಕಡುಬು ತಿನ್ನುತ್ತಿದ್ದೆ. ಯಾವಾಗ ಕೋಣೆಯಿಂದ ಹೊರಗೆ ಹೋಗಬೇಕು ಎಂದು ತಿಳಿಯದವನು ಶೆರಿಫ್ ಆಗಬಾರದು."

ನಾನು ಕಡುಬಿನ ಸಮೇತ ಅದನ್ನು ದಾಟಿಸಿದೆ. ಬೆಂಚಿನ ತುದಿಯಲ್ಲಿದ್ದ ಅಹ್ಮದ್ ಕುಂಞಿ, ಸತ್ತವನ ಹೆಸರೇನು ಎಂದು ಕೇಳಿದ. ಪ್ರುಯಿಟ್ ತುಸು ಯೋಚಿಸಿ, ನೆನಪಿಲ್ಲ ಎಂದ.

ಅಹ್ಮದ್ ಕುಂಞಿ ಉಳ್ಳಾಲದವನು, ನಮ್ಮ ಕಂಟ್ರಾಕ್ಟ್ ಕಂಪೆನಿಯಲ್ಲಿ ರಿಗ್ಗರ್. ಹಗ್ಗ, ಸಂಕಲೆ, ಎತ್ತರ, ಇಷ್ಟೇ ಅವನ ಲೋಕ. ಮಾತು ಕಡಿಮೆ. ಆ ವರ್ಷ ಅವನಿಗೆ ಬಹ್ರೇನಿನ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತ್ತು. ಅದು ಸಿಗುವುದೆಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರೆ ರಿವರ್ಸ್ ಗೇರ್ ಕೂಡ ಅರಬಿಯಲ್ಲೇ ಬೈಯುತ್ತದೆ ಎಂದು ಲಾನ್ಸೆಲೊಟ್ ಹೇಳುತ್ತಿದ್ದ, ತಾನು ಮತ್ತೆಮತ್ತೆ ಫೇಲಾದವನು. ಲೈಸೆನ್ಸ್ ಹಿಡಿದು ಅಹ್ಮದ್ ಕುಂಞಿ ರಿಫಾದ ಒಂದು ಮನೆಯಲ್ಲಿ ಡ್ರೈವರ್ ಕೆಲಸ ಗೊತ್ತುಮಾಡಿಕೊಂಡಿದ್ದ. ಆ ಮನೆಯವರಿಗೆ ಅಡುಗೆಯವಳೂ ಬೇಕಿತ್ತು. ಹೆಂಡತಿ ಸುಲೈಖಾ ಬರಬಹುದು. ಗ್ಯಾರೇಜಿನ ಹಿಂದೆ ಇಬ್ಬರಿಗೂ ಸೇರಿ ಒಂದು ಕೋಣೆ. ಮದುವೆಯಾದ ಮೇಲೆ ಅವರಿಬ್ಬರೂ ಒಂದೇ ಸೂರಿನಡಿ ಇದ್ದದ್ದೆಲ್ಲ ರಜೆಯಲ್ಲೇ. ಇನ್ನು ಬೇಕಾದದ್ದು ನಮ್ಮ ಕಂಪೆನಿಯ ರಿಲೀಸ್, ಅಂದರೆ ಬೇರೆ ಕಡೆ ಸೇರಲು ಬಿಟ್ಟುಕೊಡುವ ಪತ್ರ, ಒಂದೇ. ಮ್ಯಾನೇಜರ್ ಹಾಬ್ಡೇ ಎಂಬ ಇಂಗ್ಲಿಷಿನವನು, ನೋಡೋಣ, ನಿನ್ನ ಮೇಲೆ ದೂರೇನೂ ಇಲ್ಲವಲ್ಲ, ಎಂದಿದ್ದ.

ದೂರು ಬರುವ ದಾರಿಯನ್ನು ಪ್ರುಯಿಟ್ ತೆರೆದ, ಒಳ್ಳೆಯ ಮನಸ್ಸಿನಿಂದಲೇ.

ಕ್ಯಾಂಪಿನಲ್ಲಿ ನೀರಿನ ಜಗಳವಿತ್ತು. ಛಾವಣಿಯ ತಗಡಿನ ಟ್ಯಾಂಕಿನಿಂದ ಬೇಸಿಗೆಯಲ್ಲಿ ಇಳಿಯುತ್ತಿದ್ದದ್ದು ಸ್ನಾನದ ನೀರಲ್ಲ, ಚಹಾದ ನೀರು. ಎಲ್ಲರೂ ಒಟ್ಟಿಗೆ ಬಂದು ಗೋಳು ಹೇಳಿದಾಗ ಪ್ರುಯಿಟ್‌ಗೆ ತಲೆನೋವು ಬಂತು. ನಿಮ್ಮಲ್ಲೊಬ್ಬನನ್ನು ಆರಿಸಿ, ನನ್ನ ಬಳಿ ಅವನೊಬ್ಬನೇ ಬರಲಿ, ಎಂದ. ನಾಲ್ಕು ಚುನಾವಣೆ ಗೆದ್ದ ಮನುಷ್ಯ ಮರಳುಗಾಡಿನಲ್ಲಿ ಒಂದನ್ನಾದರೂ ಕಾಣದೆ ಸೊರಗಿದ್ದ ಎಂದೇ ನನ್ನ ಊಹೆ. ದ್ವೀಪದ ಸಂಸತ್ತನ್ನು ಮುಚ್ಚಿ ಮೂರು ವರ್ಷವೂ ಆಗಿರಲಿಲ್ಲ, ಮುಷ್ಕರ ಎಂಬ ಶಬ್ದವನ್ನು ಆಫೀಸಿನಲ್ಲಿ ಪಿಸುಗುಡುವುದೂ ಕಷ್ಟವಾಗಿತ್ತು. ಇದು ಅವನಿಗೆ ತಿಳಿದಿರಲಿಲ್ಲ. ನಮಗೆ ತಿಳಿದಿತ್ತು. ಆದರೆ ಊರಿನಲ್ಲಿ ಹಿಂದಿನ ವರ್ಷವಷ್ಟೇ ಜನ ವೋಟು ಹಾಕಿ ಸರಕಾರವನ್ನು ಉರುಳಿಸಿದ್ದರು, ನಮಗೆ ಆ ಅವಕಾಶ ತಪ್ಪಿಹೋಗಿತ್ತು. ತಪ್ಪಿದ್ದನ್ನು ತುಂಬಿಕೊಳ್ಳುವ ಆಸೆಗೆ ಬುದ್ಧಿ ಎಲ್ಲಿರುತ್ತದೆ.

ಕಾಗದದ ಚೀಟಿ ಬೇಡ, ಓದಲು ಬಾರದವರಿದ್ದಾರೆ ಎಂದು ಪ್ರುಯಿಟ್ ತನ್ನ ಕೌಂಟಿಯ ಹಳೆಯ ಪದ್ಧತಿಯೊಂದನ್ನು ತಂದ. ಒಬ್ಬೊಬ್ಬ ಅಭ್ಯರ್ಥಿಗೆ ಒಂದು ಹಾಲುಪುಡಿ ಡಬ್ಬ, ಮುಚ್ಚಳಕ್ಕೆ ತೂತು. ಒಬ್ಬೊಬ್ಬ ಮತದಾರನಿಗೆ ಒಂದು ಕಬ್ಬಿಣದ ನಟ್. ಪರದೆಯ ಹಿಂದೆ ಹೋಗಿ ಬೇಕಾದ ಡಬ್ಬಕ್ಕೆ ಹಾಕುವುದು. ಚೆನ್ನಪ್ಪನಿಗೆ ಹೇಳಿ ಸ್ಟೋರಿನಿಂದ ಒಂದು ಪೆಟ್ಟಿಗೆ ನಟ್ ತರಿಸಿದ. ಸ್ಟೋರಿನ ಚೀಟಿಗೆ ಸಹಿ ಎಂದು ಚೆನ್ನಪ್ಪ ಗೊಣಗಿದಾಗ ಬೆನ್ನು ತಟ್ಟಿ, ನಾನಿದ್ದೇನಲ್ಲ, ಎಂದ.

ಲಾನ್ಸೆಲೊಟ್ ತಾನಾಗಿ ನಿಂತ, ಎರಡು ಶುಕ್ರವಾರ ಎಲ್ಲರಿಗೂ ಬಂಗುಡೆ ಹುರಿದು ಬಡಿಸಿದ. ಅಹ್ಮದ್ ಕುಂಞಿಯನ್ನು ನಿಲ್ಲಿಸಿದವನು ಪ್ರುಯಿಟ್. ಮಾತಾಡದವನು ಒಳ್ಳೆಯ ಪ್ರತಿನಿಧಿ ಎಂಬುದು ಅವನ ಅನುಭವ. ರಿಲೀಸ್ ಬಾಕಿಯಿದೆ, ಬೇಡ ಎಂದು ಅಹ್ಮದ್ ಕುಂಞಿ ನನ್ನ ಮೂಲಕ ಹೇಳಿಸಿದ. ಪ್ರುಯಿಟ್ ನಕ್ಕು, ಗೆದ್ದವನಿಗೆ ಮ್ಯಾನೇಜರ್ ಇಲ್ಲ ಎನ್ನುವುದಿಲ್ಲ, ನಾನೇ ಹೇಳುತ್ತೇನೆ ಎಂದು ಅವನ ಕೈ ಕುಲುಕಿದ. ಆ ಕೈಕುಲುಕಾಟದಲ್ಲಿ ಅಹ್ಮದ್ ಕುಂಞಿ ಮೆತ್ತಗಾದ.

ಜನ ಬಂಗುಡೆ ತಿಂದು ಅಹ್ಮದ್ ಕುಂಞಿಗೆ ವೋಟು ಹಾಕಿದರು. ಬ್ಯಾರಿಗಳು ನಮ್ಮವನೆಂದು ಹಾಕಿದರು. ಉಳಿದವರು ಲಾನ್ಸೆಲೊಟ್‌ನ ದಾಲಿನ ವಿರುದ್ಧ ಹಾಕಿದರು.

"ತಿನ್ನುವಾಗ ಮುಳ್ಳು ಸಿಕ್ಕಬೇಕಿತ್ತು ನಿಮಗೆ," ಎಂದ ಲಾನ್ಸೆಲೊಟ್. ಆಮೇಲೆ ಗೆದ್ದವನತ್ತ ತಿರುಗಿ, "ಅಹ್ಮದಾಕ, ಇನ್ನು ಉಪ್ಪು ಜಾಸ್ತಿಯಾದ್ರೂ ನಿಮ್ಮ ಹತ್ರವೇ ದೂರು ಮಾರಾಯ್ರೆ," ಎಂದು ಕೈ ಮುಗಿದ.

ಅಹ್ಮದ್ ಕುಂಞಿಯ ಡಬ್ಬ ತುಂಬಿತ್ತು. ಹೊಯ್ದು ಎಣಿಸಿ, ಮತ್ತೆ ತುಂಬಿ, ಗೆದ್ದವನ ಕೈಗೆ ಕೊಡುವುದು ತನ್ನ ಊರಿನ ರೂಢಿಯೆಂದು ಪ್ರುಯಿಟ್ ಕೊಟ್ಟ. ಅಹ್ಮದ್ ಕುಂಞಿ ಅದನ್ನು ಮಂಚದ ಕೆಳಗಿಟ್ಟ.

ಸುದ್ದಿ ಹಾಬ್ಡೇಯ ಮೇಜಿಗೆ ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಕೂಗಾಡುವ ಜಾತಿಯಲ್ಲ. ಕ್ಯಾಂಪಿನಲ್ಲಿ ಯೂನಿಯನ್ ಹುಟ್ಟಿದೆ ಎಂದು ಬರೆದರೆ ಪೊಲೀಸರು ಬರುತ್ತಾರೆ, ಕಂಪೆನಿಯ ಹೆಸರು ಹೋಗುತ್ತದೆ. ಆದ್ದರಿಂದ ಯೂನಿಯನ್ ಹುಟ್ಟಲಿಲ್ಲ. ಬದಲಿಗೆ ಸ್ಟೋರಿನಲ್ಲಿ ಒಂದು ಪೆಟ್ಟಿಗೆ ನಟ್ ಕಡಿಮೆಯಿರುವುದು ಕಂಡುಬಂತು. ಹುಡುಕುವ ಕೆಲಸ ಸೆಕ್ಯುರಿಟಿ ಮುಖ್ಯಸ್ಥನದು. ಕಳ್ಳತನವನ್ನು ಬಗೆಹರಿಸದೆ ಬಿಟ್ಟವನಲ್ಲ ತಾನು ಎಂದು ಕೊಚ್ಚಿಕೊಳ್ಳುತ್ತಿದ್ದ ಪ್ರುಯಿಟ್ ನೇರವಾಗಿ ಮಂಚದ ಕೆಳಗೆ ಕೈಹಾಕಿ ಡಬ್ಬ ತೆಗೆದ. ಒಬ್ಬ ಮನುಷ್ಯನ ಮೇಲೆ ಜನ ಇಟ್ಟ ನಂಬಿಕೆಯಷ್ಟೂ ಅವನು ಕದ್ದ ಮಾಲಾಯಿತು. ಕಡಿಮೆ ವೋಟು ಬಿದ್ದಿದ್ದರೆ ಕಡಿಮೆ ಕಳ್ಳನಾಗುತ್ತಿದ್ದ.

ವಿಚಾರಣೆ ಹಾಬ್ಡೇಯ ಕೋಣೆಯಲ್ಲಿ. ಡಬ್ಬ ಮೇಜಿನ ಮೇಲೆ. ಒಂದು ಬದಿಗೆ ಅಹ್ಮದ್ ಕುಂಞಿ, ಚೆನ್ನಪ್ಪ, ನಡುವೆ ನಾನು; ಬಾಗಿಲ ಬಳಿಯ ಕುರ್ಚಿಯಲ್ಲಿ ಪ್ರುಯಿಟ್. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅಹ್ಮದ್ ಕುಂಞಿ, ಸಾಹೇಬರೇ ಕೈಗೆ ಕೊಟ್ಟರು ಎಂದ. ಚೆನ್ನಪ್ಪ ಕೇಳುವ ಮೊದಲೇ ಬಾಯಿಬಿಟ್ಟ.

"ಪ್ರುಯಿಟ್ ಸಾಹೇಬರು ಹೇಳಿದ್ದಕ್ಕೇ ನಾನು ಕೊಟ್ಟದ್ದು. ಚೀಟಿ ಕೇಳಿದೆ, ನಾನಿದ್ದೇನೆ ಅಂದ್ರು. ಈಗ ಇಲ್ಲೇ ಇದ್ದಾರಲ್ಲ, ಕೇಳಿ."

ನಾನು ಅಕ್ಷರ ಬಿಡದೆ ಇಂಗ್ಲಿಷಿಗೆ ದಾಟಿಸಿದೆ. ಎಲ್ಲರೂ ಬಾಗಿಲ ಕಡೆ ತಿರುಗಿದೆವು. ಕುರ್ಚಿ ಖಾಲಿಯಿತ್ತು. ಬಾಗಿಲು ಇನ್ನೂ ಮೆಲ್ಲಗೆ ಅಲುಗಾಡುತ್ತಿತ್ತು.

ಅಹ್ಮದ್ ಕುಂಞಿ ಆ ಕುರ್ಚಿಯನ್ನೇ ನೋಡಿದ. ಮತ್ತೆ ನನ್ನನ್ನು ನೋಡಿ, ತೀರ ಮೆಲ್ಲಗೆ, "ಕಡುಬು ತಿನ್ಲಿಕ್ಕೆ ಹೋದದ್ದು," ಎಂದ. ಅದನ್ನು ದಾಟಿಸು ಎಂದು ಹಾಬ್ಡೇ ಹೇಳಲಿಲ್ಲ.

ಅಹ್ಮದ್ ಕುಂಞಿಯನ್ನು ಕಳ್ಳನೆಂದು ಪೊಲೀಸಿಗೆ ಕೊಡಲಿಲ್ಲ, ಅದು ಕಂಪೆನಿಯ ಔದಾರ್ಯ. ವೀಸಾ ರದ್ದು ಮಾಡಿ ಊರಿಗೆ ಕಳಿಸಿದರು. ಮತ್ತೆ ಬಾರದ ಹಾಗೆ ಪಾಸ್‌ಪೋರ್ಟಿನಲ್ಲಿ ಒಂದು ಮೊಹರು ಬಿತ್ತು. ಚೆನ್ನಪ್ಪನನ್ನು ಸ್ಟೋರಿನಿಂದ ತೆಗೆದು ಬಿಸಿಲಿನ ಕೆಲಸಕ್ಕೆ ಹಾಕಿದರು. ಅಷ್ಟರಲ್ಲಿ ಉಳ್ಳಾಲದಲ್ಲಿ ಸುಲೈಖಾ ಕೋಳಿಗಳನ್ನು ತಂಗಿಯ ಮನೆಗೆ ಕೊಟ್ಟು ಗಂಟು ಕಟ್ಟಿ ಕೂತಿದ್ದಳೆಂದು ಆಮೇಲೆ ತಿಳಿಯಿತು.

ವಿಮಾನ ನಿಲ್ದಾಣಕ್ಕೆ ಮುಟ್ಟಿಸುವುದು ಸೆಕ್ಯುರಿಟಿಯ ಹೊಣೆ. ಮಧ್ಯಾಹ್ನ ಪ್ರುಯಿಟ್ ಪಿಕಪ್ ತಂದ; ಕಾಗದಪತ್ರ ಹಿಡಿದು ನಾನೂ ಹತ್ತಬೇಕಾಯಿತು. ಅವನು ಕೀಲಿಕೈಯನ್ನು ಅಹ್ಮದ್ ಕುಂಞಿಯ ಕಡೆ ಚಾಚಿ, ನಿನ್ನ ಬಳಿ ಲೈಸೆನ್ಸ್ ಇದೆಯಲ್ಲ, ಓಡಿಸು, ಎಂದ. ಅದು ಅವನ ಕ್ಷಮಾಪಣೆಯೋ ಸೋಮಾರಿತನವೋ ನನಗೆ ಈಗಲೂ ಗೊತ್ತಿಲ್ಲ.

ಅಹ್ಮದ್ ಕುಂಞಿ ಓಡಿಸಿದ. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತಿದ್ದರೆ ಹೇಗೋ ಹಾಗೆ, ಕನ್ನಡಿ ನೋಡಿ, ಸಿಗ್ನಲ್ ಹಾಕಿ. ಪ್ರುಯಿಟ್ ಸ್ವಲ್ಪದರಲ್ಲೇ ನಿದ್ದೆಹೋದ. ಹತ್ತಿರದ ದಾರಿ ಬಿಟ್ಟು ರಿಫಾದೊಳಗೆ ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಒಂದು ಬಿಳಿ ಗೋಡೆಯ ಮನೆಯೆದುರು ಗಾಡಿ ನಿಧಾನವಾಯಿತು. ಗೇಟಿನೊಳಗೆ ಯಾರೋ ಹೊಸಬ ಕಾರು ತೊಳೆಯುತ್ತಿದ್ದ. ಗಾಡಿ ನಿಲ್ಲಲಿಲ್ಲ.

ಮುಹರ್ರಕ್ ದಾಟಿ, ಅರಾದ್ ಬಂದು, ನಿಲ್ದಾಣದಲ್ಲಿ ಅವನು ಗೆರೆಯೊಳಗೆ ನೇರ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಕೈ ಕೊಟ್ಟ. ಎಚ್ಚರಗೊಂಡ ಪ್ರುಯಿಟ್, ಒಳ್ಳೆಯ ಡ್ರೈವರ್ ನೀನು, ಎಂದು ಹೊಗಳಿ ಎರಡೂ ಕೈಯಿಂದ ಅವನ ಕೈ ಕುಲುಕಿದ, ಮುಂದಿನ ಸಲವೂ ವೋಟು ನನಗೇ ಎಂಬಂತೆ. ಪ್ರುಯಿಟ್‌ನ ಕಂಟ್ರಾಕ್ಟ್ ಮತ್ತೆರಡು ವರ್ಷಕ್ಕೆ ಮುಂದುವರಿದಿತ್ತು.

ಅಹ್ಮದ್ ಕುಂಞಿ ಅಂಗಿಯ ಜೇಬಿನಿಂದ ಲೈಸೆನ್ಸ್ ತೆಗೆದು ನನಗೆ ತೋರಿಸಿದ.

"ಇದು ಊರಲ್ಲಿ ನಡೀತದಾ?"

ಇಲ್ಲ, ಇಲ್ಲಿ ಮಾತ್ರ, ಎಂದೆ. ಅವನು ಅದನ್ನು ಮತ್ತೆ ಜೇಬಿಗಿಟ್ಟು, ಗುಂಡಿ ಹಾಕಿಕೊಂಡು ಒಳಗೆ ಹೋದ.